ಕತ್ತರಿ ಹಚ್ಚದ ಬಳ್ಳಿ

ಕಲ್ಮೇಶ ಆಶ್ರಮಕ್ಕೆ ಬಂದಾಗ ಅವನ ಒಂದು ಕೈಯಲ್ಲಿ ಬಟ್ಟೆಯ ಚೀಲವಿತ್ತು, ಇನ್ನೊಂದು ಕೈಯಲ್ಲಿ ಕುಂಡ. ಕುಂಡದಿಂದ ಹೊರಟ ಉದ್ದನೆಯ ಬಳ್ಳಿಯನ್ನು ಬಸ್ಸಿನಲ್ಲಿ ಯಾರೂ ತುಳಿಯದಿರಲೆಂದು ಹೆಗಲಿಗೆ ಸುತ್ತಿಕೊಂಡಿದ್ದ.

ಮಲಪ್ರಭಾ ಹೊಳೆಯ ದಂಡೆಯ ಆ ಆಶ್ರಮ ದೊಡ್ಡದೇನಲ್ಲ. ಸಾಲಾಗಿ ಕೆಲವು ಕೋಣೆಗಳು, ಒಂದು ಅಡುಗೆಮನೆ, ನೀರಿಗಿಳಿಯುವ ಕಲ್ಲಿನ ಮೆಟ್ಟಿಲು. ಅದನ್ನು ನಡೆಸುತ್ತಿದ್ದ ಮುದುಕಿ ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದವರು. ಮಕ್ಕಳು ಆಗ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಆಶ್ರಮಕ್ಕೆ ಬರುವವರೂ ಹಾಗೇ ಕರೆದರು.

ಅಕ್ಕಾರು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ಏನ್ ಬೇಕಾಗಿತ್ತು, ತಮ್ಮಾ?”

“ಇಲ್ಲೇ ಇರಬೇಕಂತ ಬಂದೀನ್ರಿ, ಅಕ್ಕಾರ. ಮನಿ ಬಿಟ್ಟು ಬಂದೀನಿ.”

“ಕೈಯಾಗೇನದು?”

“ಮನಿಪ್ಲಾಂಟ್ ರೀ.”

“ಹಂಗಾದ್ರ ಮನಿ ಪೂರ್ತಿ ಬಿಟ್ಟಿಲ್ಲ,” ಎಂದರು ಅಕ್ಕಾರು. ಮಡಿಲಿನ ಸಿಪ್ಪೆ ಕೊಡವಿ ಎದ್ದರು. “ಬಾ. ಕಿಡಕಿ ಇರೋ ಕೋಣಿ ಕೊಡ್ತೀನಿ. ನಿನಗಲ್ಲ, ಅದಕ್ಕ ಬೆಳಕು ಬೇಕು.”

ಕಲ್ಮೇಶ ಸರ್ಕಾರಿ ಬಸ್ಸಿನ ಡ್ರೈವರ್. ಅವನ ಹೆಂಡತಿ ಸುಗಲಾ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಆಮೇಲೆ ಅವನಿಗೆ ಆ ಮನೆಯಲ್ಲಿ ಕೂರಲಾಗಲಿಲ್ಲ. ಸ್ಟೀರಿಂಗ್ ಹಿಡಿದರೂ ಕಣ್ಣು ರಸ್ತೆಯ ಮೇಲೆ ನಿಲ್ಲಲಿಲ್ಲ. ರಜೆ ಹಾಕಿದ, ಮನೆಗೆ ಬೀಗ ಹಾಕಿದ, ಬಳ್ಳಿಯನ್ನು ಎತ್ತಿಕೊಂಡು ಬಂದ.

ಆ ಬಳ್ಳಿ ಅವಳು ಹಚ್ಚಿದ್ದು. ಬೀದಿಯ ಕಡೆಯ ಕಿಟಕಿಯಲ್ಲಿ ಅದು ಇಳಿಬಿದ್ದಿರುತ್ತಿತ್ತು. ಮುಂಜಾನೆಯ ಮೊದಲ ಬಸ್ಸಿಗೆ ಅವನು ಮನೆ ಬಿಡುವಾಗ ಸುಗಲಾ ತಂಬಿಗೆ ಹಿಡಿದು ಅದರ ಮುಂದೆ ನಿಂತಿರುತ್ತಿದ್ದಳು. ಮನೆಯ ಬಗ್ಗೆ ಅವನಿಗೆ ಹೆಚ್ಚು ನೆನಪಿದ್ದದ್ದು ಅದೇ.

ಅವನು ಬಳ್ಳಿಯನ್ನು ಕೋಣೆಯ ಕಿಟಕಿಯಲ್ಲಿ ಇಟ್ಟ. ಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿ ಅದನ್ನು ಕೋಣೆಯ ಸುತ್ತ ಹಬ್ಬಿಸಿದ. ಆದರೂ ಉಳಿಯಿತು. ಉಳಿದ ತುದಿಯನ್ನು ಕಿಟಕಿಯ ಸರಳಿನೊಳಗಿಂದ ಹೊರಗೆ ಬಿಟ್ಟ.

“ಇನ್ನ ನಾ ಏನ್ ಮಾಡಲ್ರಿ, ಅಕ್ಕಾರ?” ಎಂದು ಕೇಳಿದ.

“ನೀರಿನ ಟಾಂಕಿ ತೊಳಿ. ಪಾಚಿ ಕಟ್ಟೇತಿ.”

ಅವನು ಟಾಂಕಿ ತೊಳೆದ. ಮರುದಿನ ಅಂಗಳದ ಮುಳ್ಳು ಕಿತ್ತ. ಅಡುಗೆಮನೆಯ ಹೆಂಚು ಸರಿಮಾಡಿದ. ಕೆಲಸ ಏನು ಹೇಳಿದರೂ ಮಾಡಿದ. ಅದಕ್ಕಿಂತ ಮೊದಲು, ದಿನಾ ಮುಂಜಾನೆ ಎದ್ದ ಕೂಡಲೇ, ಬಳ್ಳಿಗೆ ಒಂದು ತಂಬಿಗೆ ನೀರು ಹಾಕಿದ.

ಒಂದು ಮುಂಜಾನೆ ಅಕ್ಕಾರು ಬಾಗಿಲಲ್ಲಿ ನಿಂತು ನೋಡಿದರು.

“ಯಾರಿಗೆ ಬಾಯಾರಿಕಿ ಆಗೇತಿ, ತಮ್ಮಾ? ಅದಕ್ಕೋ, ನಿನಗೋ?”

“ಅದಕ್ಕರೀ.”

ಅಕ್ಕಾರು ಒಳಗೆ ಬಂದು ಕುಂಡದ ಮಣ್ಣಿನಲ್ಲಿ ಬೆರಳು ಊರಿದರು. ಬೆರಳಿಗೆ ಹತ್ತಿದ ಕೆಸರನ್ನು ಅವನ ಅಂಗೈಗೆ ಒರೆಸಿದರು.

“ನಿನ್ನೆ ಹಾಕಿದ್ದನ್ನ ಅದು ಇನ್ನೂ ಕುಡದಿಲ್ಲ.”

“ಸುಗಲಾ ದಿನಾ ಹಾಕ್ತಿದ್ಲರಿ.”

“ಮಣ್ಣು ಮುಟ್ಟಿ ನೋಡು. ಒಣಗಿದ್ರ ಹಾಕು, ಹಸಿ ಇದ್ರ ಬಿಡು.”

ಕಲ್ಮೇಶ ತಲೆಯಾಡಿಸಿದ. ಮರುದಿನ ಮಣ್ಣು ಮುಟ್ಟಿ ನೋಡಿದ. ಹಸಿಯಾಗಿತ್ತು. ಸ್ವಲ್ಪ ಹೊತ್ತು ನಿಂತ. ಆಮೇಲೆ ನೀರು ಹಾಕಿದ.

ಅಕ್ಕಾರು ಇನ್ನೊಮ್ಮೆ ಬಂದಾಗ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಕುಂಡದ ಹತ್ತಿರ ಅದು ಹಗ್ಗದ ಹಾಗೆ ಬೋಳಾಗಿತ್ತು. ಎಲೆಗಳಿದ್ದದ್ದು ತುದಿಯ ಕಡೆ ಮಾತ್ರ, ಅವೂ ಸಣ್ಣವು.

“ಇದಕ್ಕ ಯಾವತ್ತರ ಕತ್ತರಿ ಹಚ್ಚೀಯೇನು?”

“ಇಲ್ರಿ.”

“ತುದಿ ಚಿವುಟಿದ್ರ ಬುಡದಾಗ ಚಿಗರತೈತಿ.”

“ಬ್ಯಾಡ್ರಿ. ಅಕಿ ಕೈ ಮುಟ್ಟಿದ ಬಳ್ಳಿ ಇದು.”

ಅಕ್ಕಾರು ಒತ್ತಾಯ ಮಾಡಲಿಲ್ಲ.

ಚಳಿ ಹಿಡಿಯುವ ಹೊತ್ತಿಗೆ ಅವನ ಮಗಳು ಪೂರ್ಣಿಮಾ ಬಂದಳು. ಒಬ್ಬಳೇ ಮಗಳು, ಗೋಕಾಕಕ್ಕೆ ಕೊಟ್ಟಿದ್ದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ತಂದೆಯ ಬೆಳೆದ ಗಡ್ಡ ನೋಡಿದಳು. ಕೋಣೆಯ ಸುತ್ತ ಹಬ್ಬಿದ ಬಳ್ಳಿಯನ್ನು ನೋಡುತ್ತ ನಿಂತಳು.

“ನಾವು ಬ್ಯಾರೆ ಮನಿಗೆ ಬಂದೀವಪ್ಪಾ. ಮ್ಯಾಲಿನ ಮಹಡಿ. ಅಡಗಿಮನಿಗೆ ಚಲೋ ಕಿಡಕಿ ಐತಿ.”

“ಚಲೋ ಆತು.”

“ಅವ್ವನ ಬಳ್ಳಿದು ಒಂದು ತುಂಡು ಕೊಡು. ಅಲ್ಲಿ ಇಡ್ತೀನಿ.”

ಕಲ್ಮೇಶ ಗೋಡೆಯ ಸಡಿಲಾದ ದಾರವೊಂದನ್ನು ಬಿಗಿದು ಕಟ್ಟಿದ.

“ಭಾಳ ಬ್ಯಾಡ. ಒಂದು ಗೆಣ್ಣು ಇದ್ರ ಸಾಕು. ಬಾಟಲಿ ನೀರಾಗ ಇಟ್ರ ಬೇರು ಬಿಡತೈತಿ.”

“ಅದಕ್ಕ ಕತ್ತರಿ ಹಚ್ಚಂಗಿಲ್ಲ.”

“ಕತ್ತರಿ ಬ್ಯಾಡ, ಕೈಲೆ ಮುರಕೋತೀನಿ.”

“ಇಲ್ಲವ್ವಾ. ಅಕಿದು ಅಂತ ನನ್ನ ಹತ್ರ ಇರೋದು ಇದೊಂದ.”

ಪೂರ್ಣಿಮಾ ತಂದೆಯ ಮುಖ ನೋಡಿದಳು.

“ಅಕಿ ನನಗೂ ಅವ್ವ ಆಗಿದ್ಲಪ್ಪಾ,” ಎಂದಳು.

ರೊಟ್ಟಿಯ ಗಂಟನ್ನು ಬಿಚ್ಚದೆ ಹಾಸಿಗೆಯ ಮೇಲಿಟ್ಟಳು. ಚೀಲ ಹೆಗಲಿಗೇರಿಸಿ ಹೊರಟಳು. ಊಟ ಮಾಡಲಿಲ್ಲ. ಅಕ್ಕಾರು ಅವಳ ಜೊತೆ ರಸ್ತೆಯವರೆಗೆ ಹೋದರು. ಕಲ್ಮೇಶ ಕೋಣೆಯಿಂದ ಹೊರಗೆ ಬರಲಿಲ್ಲ.

ಸಂಜೆ ಕಸ ಗುಡಿಸುವಾಗ ನೋಡಿದ. ಕಿಟಕಿಯ ಹೊರಗೆ ಇಳಿಬಿದ್ದಿದ್ದ ತುದಿ ಇರಲಿಲ್ಲ. ಮುರಿದ ಕಡೆ ಬಳ್ಳಿ ಇನ್ನೂ ಹಸಿಯಾಗಿತ್ತು.

ಅವನು ಅಕ್ಕಾರ ಹತ್ತಿರ ಓಡಿದ.

“ಅಕ್ಕಾರ, ಬಳ್ಳಿ ತುದಿ ಹೋಗೇತ್ರಿ. ಆಡು ತಿಂದಿರಬೇಕೇನ್ರಿ?”

“ಆಡು ಅದನ್ನ ತಿನ್ನಂಗಿಲ್ಲ. ಬಾಯಿ ಉರಿತೈತಿ.”

“ಮತ್ಯಾರ್ರಿ?”

“ಕಳ್ಳರು,” ಎಂದರು ಅಕ್ಕಾರು.

“ಇಲ್ಲಿ ಕಳ್ಳರು ಅದಾರೇನ್ರಿ?”

“ಅದಾರ.”

ಆ ರಾತ್ರಿಯೇ ಕಲ್ಮೇಶ ಕುಂಡವನ್ನು ಕಿಟಕಿಯಿಂದ ತೆಗೆದ. ಒಳಗಿನ ಗೋಡೆಯ ಗೂಡಿನಲ್ಲಿ ಇಟ್ಟ. ಕಿಟಕಿಯ ಕದ ಮುಚ್ಚಿ ಅಗುಳಿ ಹಾಕಿದ. ಹೊರಗಿನಿಂದ ನೋಡಿದರೆ ಈಗ ಅಲ್ಲೊಂದು ಬಳ್ಳಿಯಿದೆ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮೊದಲು ಎಲೆಯ ಮೇಲಿನ ಹಳದಿ ಗೆರೆಗಳು ಮಾಸಿದವು. ಹೊಸದಾಗಿ ಬಂದ ಎಲೆ ಬೆರಳಿನಷ್ಟೇ ಆಗಿ ನಿಂತಿತು. ಆಮೇಲೆ ಹಳೆಯ ಎಲೆಗಳು ಒಂದೊಂದಾಗಿ ಪೂರ್ತಿ ಹಳದಿಯಾಗಿ ಉದುರತೊಡಗಿದವು. ಕಲ್ಮೇಶ ಉದುರಿದ ಎಲೆಗಳನ್ನು ಎಸೆಯದೆ ಒಂದು ತಟ್ಟೆಯಲ್ಲಿ ಕೂಡಿಟ್ಟ. ನೀರು ಸಾಲುತ್ತಿಲ್ಲವೆಂದುಕೊಂಡು ಸಂಜೆಗೂ ಒಂದು ತಂಬಿಗೆ ಹಾಕಿದ. ಅಡುಗೆಮನೆಯಿಂದ ಚಹಾದ ಪುಡಿ ತಂದು ಬುಡಕ್ಕೆ ಸುರಿದ.

ಚಳಿ ಹೋಗಿ ಬಿಸಿಲು ಏರಿದ ಮೇಲೆ ಒಂದು ದಿನ ಅಕ್ಕಾರು ಕೋಣೆಯ ಮುಂದೆ ಹೋಗುತ್ತ ನಿಂತರು.

“ಏನೋ ನಾತ ಬರತೈತಿ.”

“ನನಗ ಗೊತ್ತಾಗವಲ್ದರಿ.”

“ಕಿಡಕಿ ಯಾಕ ಮುಚ್ಚೀ?”

“ಕಳ್ಳರು ಅದಾರ ಅಂದ್ರಲ್ರಿ.”

ಅಕ್ಕಾರು ಹೋಗಿ ಕಿಟಕಿ ತೆರೆದರು. ಬೆಳಕಿನಲ್ಲಿ ಬಳ್ಳಿ ಕಾಣಿಸಿತು. ಎಲೆಗಳು ಇನ್ನು ಕೆಲವೇ ಉಳಿದಿದ್ದವು.

“ಕುಂಡ ಹೊರಗ ತಗೊಂಡು ಬಾ.”

ಅಂಗಳದಲ್ಲಿ ಕಲ್ಮೇಶ ಕುಂಡವನ್ನು ಬೋರಲು ಹಾಕಿ ತಟ್ಟಿದ. ಮಣ್ಣು ಮುದ್ದೆಯಾಗಿ ಬಿತ್ತು. ಅದರೊಳಗೆ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಮುಟ್ಟಿದರೆ ಸಿಪ್ಪೆ ಕೈಗೆ ಬಂತು. ವಾಸನೆಗೆ ಅವನೇ ಮುಖ ತಿರುಗಿಸಿದ.

ಅಕ್ಕಾರು ಒಳಗಿನಿಂದ ಕತ್ತರಿ ತಂದರು.

“ಕೊಳೆತದ್ದು ಮ್ಯಾಲ ಏರಾಕತ್ತೇತಿ. ಹಸರು ಉಳದಲ್ಲಿ ಕತ್ತರಿಸು. ಗೆಣ್ಣು ನೋಡಿ ತುಂಡು ಮಾಡಿ ನೀರಾಗ ಇಡು. ಒಂದರ ಉಳೀತೈತಿ.”

ಕಲ್ಮೇಶ ಕತ್ತರಿ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತ. ಬಳ್ಳಿಯನ್ನು ಎರಡು ಅಲಗಿನ ನಡುವೆ ತಂದ. ಕೈ ಅಲ್ಲೇ ನಿಂತಿತು.

“ನೀವ ಕತ್ತರಿಸ್ರಿ, ಅಕ್ಕಾರ.”

“ಬಳ್ಳಿ ಯಾರದು?”

“ನಂದ್ರಿ.”

“ಹಂಗಾದ್ರ ಕೆಲಸಾನೂ ನಿಂದ.”

ಅವನು ಕತ್ತರಿ ಕೆಳಗಿಟ್ಟ. “ನಾಳೆ ಮಾಡ್ತೀನ್ರಿ.”

“ನಾಳೆ ನಿನಗೈತಿ. ಅದಕ್ಕ ಐತೋ ಇಲ್ಲೋ.”

ಮರುದಿನವೂ ಅವನಿಂದ ಆಗಲಿಲ್ಲ. ಹೊಳೆಯ ದಂಡೆಯಿಂದ ಹೊಸ ಮಣ್ಣು ತಂದು ಇಡೀ ಬಳ್ಳಿಯನ್ನು ಮತ್ತೆ ಕುಂಡಕ್ಕೆ ಹಾಕಿದ. ಕಿಟಕಿಯಲ್ಲಿಟ್ಟು, ನೀರು ಮುಟ್ಟಿಸದೆ ಕಾದ. ಬುಡದ ಕಪ್ಪು ಗೆಣ್ಣಿಗೆ, ಗೆಣ್ಣಿನಿಂದ ಗೆಣ್ಣಿಗೆ ಏರಿತು. ಕೊನೆಗೆ ತುದಿಯ ಎಲೆಯೂ ಜೋತುಬಿತ್ತು.

ಅಕ್ಕಾರು ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕಲ್ಮೇಶ ಬಂದು ಎರಡು ಮೆಟ್ಟಿಲು ಮೇಲೆ ಕುಳಿತ.

“ಅಕಿ ಇನ್ನೊಮ್ಮೆ ಹೋದ್ಲರಿ,” ಎಂದ.

ಅಕ್ಕಾರು ಸೀರೆ ಹಿಂಡುವುದನ್ನು ನಿಲ್ಲಿಸಿದರು. ಅವನು ಅತ್ತ. ಅವನು ಮುಖ ತೊಳೆದುಕೊಂಡ ಮೇಲೆ ಅವರು ಕೇಳಿದರು.

“ಮಗಳಿಗೆ ಹೇಳೀಯೇನು?”

“ಯಾವ ಮಾರಿ ಹೊತ್ತು ಹೇಳಲ್ರಿ? ಅಕಿ ಒಂದು ತುಂಡು ಕೇಳಿದ್ಲು. ಆವತ್ತ ಕೊಟ್ಟಿದ್ರ ಅಷ್ಟರ ಉಳೀತಿತ್ತು.”

“ಇರೋ ಮಾರಿ ಹೊತ್ಕೊಂಡು ಹೋಗು. ಗೋಕಾಕಕ್ಕ ಮುಂಜಾನಿ ಬಸ್ ಐತಿ.”

ಮುಂಜಾನೆ ಅವನು ಬಸ್ಸು ಹತ್ತಿದ. ಡ್ರೈವರನಿಗೆ ಅವನ ಪರಿಚಯವಿತ್ತು, ಮುಂದೆ ಬಂದು ಕೂರು ಎಂದ. ಕಲ್ಮೇಶ ಹಿಂದಿನ ಸೀಟಿನಲ್ಲೇ ಕುಳಿತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ.

ಬಾಗಿಲು ತೆರೆದ ಪೂರ್ಣಿಮಾ ಅವನನ್ನು ನೋಡಿ ಸುಮ್ಮನೆ ದಾರಿ ಬಿಟ್ಟಳು. ಅವನು ಒಳಗೆ ಬಂದ. ಜೋಡಿಸಿಕೊಂಡ ಮಾತು ಬಾಯಿಗೆ ಬರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಕುಂಡ ಕಾಣಿಸಿತು. ಮಣ್ಣು ಕಾಣದಷ್ಟು ಎಲೆ. ಅಂಗೈ ಅಗಲದ ಹಸಿರು, ಅದರ ಮೇಲೆ ಹಳದಿ ಗೆರೆ. ಪಕ್ಕದಲ್ಲಿ ಗಾಜಿನ ಬಾಟಲಿ, ನೀರಿನಲ್ಲಿ ಬಿಳಿಯ ಬೇರು.

ಅವನಿಗೆ ಗುರುತು ಸಿಕ್ಕಿತು.

“ಇದು ಎಲ್ಲಿಂದ ಬಂತು?”

“ಅಕ್ಕಾರು ಕೊಟ್ರು. ಆವತ್ತ ನಾ ಅಳಕೋತ ಹೊರಟಾಗ ಕಿಡಕಿ ಹೊರಗಿನ ತುದಿ ಮುರದು ನನ್ನ ಚೀಲದಾಗ ಹಾಕಿದ್ರು.”

“ನನಗ ಹೇಳಬ್ಯಾಡ ಅಂದ್ರೇನು?”

“ಇಲ್ಲ. ನಿಮ್ಮಪ್ಪ ಬಂದು ಕೇಳಿದ್ರ ಮುಚ್ಚಿಡಬ್ಯಾಡ ಅಂದ್ರು. ನೀ ಬರಲೇ ಇಲ್ಲ.”

ಕಲ್ಮೇಶ ಅಡುಗೆಮನೆಯ ನೆಲದ ಮೇಲೆ ಕುಳಿತ. ಅವಳು ಚಹಾಕ್ಕೆ ಇಟ್ಟಳು.

“ಕದ್ದ ಮನಿಪ್ಲಾಂಟ್ ಚಲೋ ಬೆಳೀತೈತಿ ಅಂತ ಜನ ಸುಮ್ನ ಅನ್ನಂಗಿಲ್ಲ,” ಎಂದಳು. “ಅವ್ವನೂ ಹಂಗ ತಂದಿದ್ಲು. ನಾ ಹುಟ್ಟಿದಾಗ, ದವಾಖಾನಿ ಕಿಡಕಿಯಾಗಿಂದ. ನನ್ನ ಸುತ್ತಿದ ಅರಿವಿಯೊಳಗ ಮುಚ್ಚಿಕೊಂಡು.”

“ನನಗ ಹೇಳಿದ್ದಿಲ್ಲ ಅಕಿ.”

“ನೀ ಕೇಳಿದ್ದಿಲ್ಲ.”

ಅವನು ಬಾಟಲಿಯ ಬೇರು ನೋಡುತ್ತ ಹೇಳಿದ. “ಅಲ್ಲಿದ್ದದ್ದು ಹೋತವ್ವಾ. ಬೇರು ಕೊಳೀತು.”

“ನೀರು ಹೆಚ್ಚಾತೇನು?”

“ದಿನಾ ಹಾಕಿದೆ. ನಿಮ್ಮವ್ವ ಹಾಕಿದಂಗ.”

“ಅವ್ವ ಎಲ್ಲಿ ದಿನಾ ಹಾಕ್ತಿದ್ಲು?”

“ನಾ ಕಣ್ಣಾರೆ ನೋಡೀನಿ. ದಿನಾ ಮುಂಜಾನಿ ನಾ ಡ್ಯೂಟಿಗೆ ಹೊರಟಾಗ ತಂಬಿಗಿ ಹಿಡಕೊಂಡು ಕಿಡಕಿಯಾಗ ನಿಂತಿರ್ತಿದ್ಲು.”

ಪೂರ್ಣಿಮಾ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ತಂಬಿಗಿ ಖಾಲಿ ಇರ್ತಿತ್ತಪ್ಪಾ.”

ಕಲ್ಮೇಶ ತಲೆಯೆತ್ತಿದ.

“ನೀರು ಹಾಕ್ತಿದ್ದದ್ದು ಮಣ್ಣು ಒಣಗಿದಾಗ ಅಷ್ಟ. ಅಲ್ಲಿ ನಿಂದರ್ತಿದ್ದದ್ದು ನಿನ್ನ ನೋಡಾಕ. ನೀ ಓಣಿ ದಾಟೋ ತನಕ ನೋಡ್ತಿದ್ಲು. ಸುಮ್ನ ನಿಂತ್ರ ನೀ ಚ್ಯಾಷ್ಟಿ ಮಾಡಿ ನಗ್ತಿ ಅಂತ ಕೈಯಾಗ ತಂಬಿಗಿ ಹಿಡೀತಿದ್ಲು.”

ಓಣಿಯ ತಿರುವಿನಲ್ಲಿ ಅವನು ಒಂದು ಸಲವೂ ಹಿಂದೆ ತಿರುಗಿ ನೋಡಿದವನಲ್ಲ. ಬಸ್ಸಿನ ಹೊತ್ತು ತಪ್ಪುತ್ತದೆಂದು ಬೇಗಬೇಗ ಹೆಜ್ಜೆ ಹಾಕುತ್ತಿದ್ದ. ಮುಂದೆ ಇಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಪೂರ್ಣಿಮಾ ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಬಿಸಿಮಾಡಿ ತಂದಳು.

ಮಧ್ಯಾಹ್ನ ಅವನು ಅವಳ ಮನೆಯಲ್ಲಿ ಊಟ ಮಾಡಿದ. ಅಳಿಯ ಕೆಲಸದಿಂದ ಬಂದಮೇಲೆ ರಾತ್ರಿ ಉಳಿಯಲು ಒತ್ತಾಯಿಸಿದ, ಅವನು ಉಳಿದ. ಬೆಳಿಗ್ಗೆ ಹೊರಡುವಾಗ ಪೂರ್ಣಿಮಾ ಕತ್ತರಿ ಹಿಡಿದು ಬಂದಳು.

“ಎಷ್ಟು ಬೇಕು ಹೇಳು. ಕತ್ತರಿಸಿ ಕೊಡ್ತೀನಿ.”

ಕಲ್ಮೇಶ ಬಳ್ಳಿಯನ್ನು ನೋಡಿದ, ಮಗಳನ್ನು ನೋಡಿದ.

“ಇರಲಿ ಬಿಡವ್ವಾ,” ಎಂದ.

“ಮತ್ತ ಯಾವಾಗ ಬರ್ತಿ?”

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ ಏನೋ ಗೊಣಗಿದ. ಅದು ಅವಳಿಗೂ ಕೇಳಲಿಲ್ಲ, ಏನೆಂದು ಅವನಿಗೂ ಗೊತ್ತಿರಲಿಲ್ಲ.

ಆಶ್ರಮಕ್ಕೆ ಬಂದಾಗ ಅಕ್ಕಾರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕಲ್ಮೇಶ ಎದುರಿಗೆ ನಿಂತ.

“ಆ ಕಳ್ಳರು ನೀವೇನ್ರಿ, ಅಕ್ಕಾರ?”

“ಹೌದು, ನಾನ.”

“ನನ್ನ ಒಂದು ಮಾತು ಕೇಳಬೇಕಾಗಿತ್ತಲ್ರಿ.”

“ಮಗಳು ಕೇಳಿದ್ಲಲ್ಲ.”

ಕಲ್ಮೇಶ ಕುಳಿತುಕೊಂಡ.

“ಇಲ್ಲಿದ್ದದ್ದು ಸಾಯಾಕತ್ತಾಗರ ಹೇಳಬೇಕಿತ್ತರಿ, ಅಲ್ಲೊಂದು ಜೀವ ಐತಿ ಅಂತ. ನಾ ಹೊಳಿ ದಂಡಿಯಾಗ ಕುಂತು ಅತ್ತೆ. ನೀವು ನೋಡ್ಕೋತ ಇದ್ರಿ.”

“ಹೇಳಿದ್ರ ಏನ್ ಮಾಡ್ತಿದ್ದಿ?”

ಅವನು ಯೋಚಿಸಿದ. ಕಲ್ಮೇಶನಿಗೆ ಸಿಟ್ಟಿತ್ತು, ಆದರೆ ಸುಳ್ಳು ಹೇಳುವ ರೂಢಿ ಇರಲಿಲ್ಲ.

“ಹೋಗಿ ಇಸ್ಕೊಂಡು ಬರ್ತಿದ್ದೆ,” ಎಂದ.

ಅಕ್ಕಾರು ಮೊರ ಕೇರಿದರು. ಹೊಟ್ಟು ಗಾಳಿಗೆ ಹಾರಿತು.

“ಈಗ ತುಂಡು ತಂದೀಯೇನು?”

“ಇಲ್ರಿ. ಅಕಿ ಕೊಡಾಕ ಬಂದ್ಲು. ನಾನ ಬ್ಯಾಡಂದೆ.”

“ಯಾಕ?”

“ಅಲ್ಲಿ ಚಲೋ ಐತ್ರಿ. ಕಿಡಕಿಗೆ ಬಿಸಲು ನೇರ ಬೀಳಂಗಿಲ್ಲ, ಬೆಳಕು ಭಾಳ ಐತಿ. ಅಕಿ ಮಣ್ಣು ಮುಟ್ಟಿ ನೋಡಿ ನೀರು ಹಾಕ್ತಾಳ. ಓಣಿಯಾಗಿನ ಯಾರೋ ಕೇಳ್ಯಾರಂತ, ಅವ್ರಿಗೂ ಒಂದು ಬಾಟಲಿಯೊಳಗ ಇಟ್ಟಾಳ. ನಾ ಇಲ್ಲಿ ತಂದು ಏನ್ ಮಾಡಲಿ?”

“ಮಗಳು ಏನಂದ್ಲು?”

“ಮತ್ತ ಯಾವಾಗ ಬರ್ತಿ ಅಂತ ಕೇಳಿದ್ಲರಿ.”

“ನೀ ಏನಂದಿ?”

“ಏನೂ ಹೇಳ್ಲಿಲ್ರಿ.” ಕಲ್ಮೇಶ ನೆಲ ನೋಡಿದ. “ನನಗ ಇಲ್ಲೇ ಇರೋ ಮನಸೈತ್ರಿ, ಅಕ್ಕಾರ. ನೀವು ಇಷ್ಟು ದಿನಾ ನನ್ನ ಕಡಿಂದ ಟಾಂಕಿ ತೊಳಿಸಿದ್ರಿ, ಮುಳ್ಳು ಕೀಳಿಸಿದ್ರಿ. ಒಂದು ಮಾತು ಉಪದೇಶ ಮಾಡ್ಲಿಲ್ಲ. ಇವತ್ತ ಮಾಡ್ರಿ. ನಾ ಇನ್ನ ಹೆಂಗ ಬದುಕಬೇಕು, ಹೇಳ್ರಿ.”

ಅಕ್ಕಾರು ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟರು.

“ಮಗಳು ನಿನ್ನ ಕೇಳಿದ್ದು ಮೊದಲು, ತಮ್ಮಾ. ನೀ ನನ್ನ ಕೇಳಿದ್ದು ಆಮ್ಯಾಲ.”